ಮನೆಯ ಗಣಕಯಂತ್ರವೂ ಮನೆಯ ಕಾಗದಪತ್ರವೂ



ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಹಳೆಯ ಮನೆಗಳಲ್ಲಿ, ಅಟ್ಟದ ಮೇಲೋ ದೇವರಕೋಣೆಯ ಮೂಲೆಯಲ್ಲೋ, ತಗಡಿನ ಟ್ರಂಕೊಂದು ಇರುವುದುಂಟು. ಕ್ರಯಪತ್ರ, ಪಾಲುಪಟ್ಟಿ, ಕಂದಾಯದ ರಸೀತಿ, ಮಕ್ಕಳ ಜಾತಕ, ಎಂದೋ ತೀರಿಸಿದ ಸಾಲದ ಪತ್ರ, ಎಲ್ಲವೂ ಅದರೊಳಗೆ ನುಸಿಗುಳಿಗೆಯ ವಾಸನೆ ಹೊತ್ತು ಮಲಗಿರುತ್ತವೆ; ಬೀಗದ ಕೈ ಮಾತ್ರ ಮನೆಯ ಹಿರಿಯರ ವಶದಲ್ಲಿ. ಇಂತಹ ಮನೆಗಳಿಗೆ ಈಚಿನ ವರ್ಷಗಳಲ್ಲಿ ಗಣಕಯಂತ್ರವೂ ಬಂದು ಸೇರಿದೆ. ಮಗಳ ಓದಿಗೆಂದು ಕೊಂಡದ್ದು, ಮಗ ಬೆಂಗಳೂರಿನಲ್ಲಿ ಹೊಸದನ್ನು ಕೊಂಡು ಹಳೆಯದನ್ನು ಇಲ್ಲಿ ಇಳಿಸಿಹೋದದ್ದು, ಕಾಲೇಜಿನಲ್ಲಿ ದೊರೆತದ್ದು, ಹೀಗೆ ಅದು ಬಂದ ಬಗೆ ನಾನಾ ವಿಧ. ಆದರೆ ಬಂದ ಮೇಲೆ ಅದು ಮಾಡುತ್ತಿರುವ ಕೆಲಸವನ್ನು ಸ್ವಲ್ಪ ದೂರ ನಿಂತು ನೋಡಿದರೆ, ಆ ತಗಡಿನ ಟ್ರಂಕಿನ ಕೆಲಸವನ್ನೇ ಅದು ಮೆಲ್ಲಮೆಲ್ಲನೆ ತನ್ನ ಮೇಲೆ ಹೊತ್ತುಕೊಂಡಿದೆಯೆಂಬುದು ಗೋಚರವಾಗುತ್ತದೆ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ಗ್ರಾಮಲೆಕ್ಕಿಗರ ಕೈಬರಹದ ಪಹಣಿಯು ಗಣಕದ ಮುದ್ರಿತ ಪಹಣಿಗೆ ಎಡೆಮಾಡಿಕೊಟ್ಟಂದಿನಿಂದ, ಜಮೀನಿನ ದಾಖಲೆ, ಜಾತಿ ಆದಾಯಗಳ ಪ್ರಮಾಣಪತ್ರ, ಅಂಕಪಟ್ಟಿ, ವಿಮೆಯ ಪತ್ರ, ಮದುವೆಯ ಛಾಯಾಚಿತ್ರ, ಒಂದೊಂದಾಗಿ ಎಲ್ಲವೂ ಆ ಯಂತ್ರದ ಹೊಟ್ಟೆಗೆ ಇಳಿದಿವೆ.

ಹೀಗಿದ್ದೂ ಗಣಕಯಂತ್ರದ ವಿಷಯದಲ್ಲಿ ನಮ್ಮ ಗೃಹಸ್ಥರು ವಿಚಾರಿಸುವುದು ಪ್ರಾಯಶಃ ಅದರ ವೇಗವನ್ನು. 'ಬಹಳ ನಿಧಾನವಾಗಿದೆ, ಏನು ಮಾಡಬೇಕು?' ಎಂದು ಕೇಳುವವರು ಹಲವರಾದರೆ, 'ಇದರೊಳಗೆ ಇಟ್ಟದ್ದು ಹತ್ತು ವರ್ಷದ ನಂತರ ನನಗೆ ಸಿಕ್ಕೀತೆ?' ಎಂದು ಕೇಳುವವರು ವಿರಳ. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯವಾದ ಪ್ರಶ್ನೆ. ಇಂದಿನ ನನ್ನ ಸೂಚನೆಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಸುಳಿಯತಕ್ಕವು. ವೇಗವನ್ನು ಬಯಸುವವರು ಇನ್ನೊಬ್ಬ ಭಾಷಣಕಾರರಿಗಾಗಿ ಕಾಯಬೇಕಾಗುವುದು.

ವಿದ್ಯುತ್ತಿನಿಂದ ಮೊದಲು ಮಾಡೋಣ; ಏಕೆಂದರೆ ಊರುಕೇರಿಗಳ ಗಣಕಯಂತ್ರಗಳಿಗೆ ಒದಗುವ ವಿಪತ್ತುಗಳಲ್ಲಿ ಹಲವು ಗೋಡೆಯೊಳಗಿನ ತಂತಿಯ ದಾರಿಯಿಂದಲೇ ಬರುತ್ತವೆ. ಯಂತ್ರವು ಏನನ್ನಾದರೂ ಬರೆದಿಡುತ್ತಿರುವ ಕ್ಷಣದಲ್ಲಿ ವಿದ್ಯುತ್ತು ನಿಂತುಹೋದರೆ, ಬರೆಯುತ್ತಿದ್ದ ಕಡತವು ಅರ್ಧಕ್ಕೆ ನಿಂತು, ಮುಂದೆ ಎಂದೂ ತೆರೆಯದಂತಾಗಬಹುದು. ಇದಕ್ಕಾಗಿ ಯುಪಿಎಸ್ ಎಂಬ ಸಾಧನವುಂಟು. ಆದರೆ ಅದು ಕೊಡುವ ಹತ್ತು ಹದಿನೈದು ನಿಮಿಷಗಳಿರುವುದು ಕೆಲಸವನ್ನು ಮುಂದುವರಿಸುವುದಕ್ಕಲ್ಲ, ಕಡತವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ಮನೆಯಲ್ಲಿ ಇನ್ವರ್ಟರ್ ಇರುವವರು 'ನಮಗೆ ಯುಪಿಎಸ್ ಏತಕ್ಕೆ?' ಎನ್ನುತ್ತಾರೆ, ಆದರೂ ಕರೆಂಟು ಹೋದೊಡನೆ ದೀಪ ಆರದೆ ಗಣಕ ಮಾತ್ರ ಆರಿ ಹೊತ್ತಿಕೊಳ್ಳುವುದನ್ನು ಕಂಡು ಬೆರಗಾಗುತ್ತಾರೆ. ಇನ್ವರ್ಟರು ತನ್ನ ಬ್ಯಾಟರಿಗೆ ಬದಲಾಗುವ ಆ ಒಂದು ರೆಪ್ಪೆಯ ಹೊತ್ತನ್ನು ದೀಪ ಸಹಿಸುತ್ತದೆ, ಗಣಕ ಸಹಿಸದು. ಅನೇಕ ಇನ್ವರ್ಟರುಗಳ ಮೈಮೇಲೆಯೇ 'ಯುಪಿಎಸ್ ಮೋಡ್' ಎಂಬ ಸಣ್ಣ ಸ್ವಿಚ್ಚೊಂದಿದ್ದು, ಅದನ್ನು ಅತ್ತ ತಿರುಗಿಸಿದರೆ ಬದಲಾವಣೆ ತ್ವರಿತವಾಗಿ ನಡೆಯುತ್ತದೆ. ಕೊಂಡ ದಿನದಿಂದ ಆ ಸ್ವಿಚ್ಚನ್ನು ಯಾರೂ ಮುಟ್ಟಿರುವುದಿಲ್ಲ. ಇನ್ನು, ಗಣಕದ ಪೆಟ್ಟಿಗೆಯ ಲೋಹಭಾಗವನ್ನು ಸೋಕಿದಾಗ ಬೆರಳು ಜುಮ್ಮೆಂದರೆ ಅದನ್ನು ಯಂತ್ರದ ಸ್ವಭಾವವೆಂದು ತಿಳಿಯಲಾಗದು. ಮನೆಯ ಅರ್ತಿಂಗ್ ಸರಿಯಿಲ್ಲವೆಂಬುದರ ಸೂಚನೆ ಅದು, ಕರೆಯಬೇಕಾದದ್ದು ಗಣಕದವನನ್ನಲ್ಲ, ವೈರಿಂಗ್ ಮಾಡುವವನನ್ನು.

ಭರಣಿ ಮಳೆಯ ದಿನಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಮೇಲೋ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೋ ಮೋಡ ಕವಿದು ಗುಡುಗತೊಡಗಿತೆಂದರೆ, ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತಿಡತಕ್ಕದ್ದು. ಸಿಡಿಲಿನ ರಭಸಕ್ಕೆ ಸ್ವಿಚ್ಚಿನೊಳಗಿನ ಎಳ್ಳಷ್ಟು ಅಂತರ ಒಂದು ಲೆಕ್ಕವಲ್ಲ. ಯುಪಿಎಸ್ಸೂ ಅದರ ಮುಂದೆ ನಿಲ್ಲಲಾರದು. ಅಂತರ್ಜಾಲ ತರುವ ರೌಟರಿನ ಪ್ಲಗ್ಗನ್ನೂ ಮರೆಯದೆ ಕೀಳಬೇಕು. ಹಳೆಯ ತಾಮ್ರದ ದೂರವಾಣಿ ತಂತಿ ಇನ್ನೂ ಇರುವ ಮನೆಯಾದರೆ ಆ ತಂತಿಯನ್ನೂ.

ಇದೇ ಸಂದರ್ಭದಲ್ಲಿ ಒಂದು ಸಣ್ಣ ವಿಷಯ. ವಿಂಡೋಸ್ ವ್ಯವಸ್ಥೆಯಲ್ಲಿ 'ಶಟ್ ಡೌನ್' ಎಂದರೆ ಯಂತ್ರ ಪೂರ್ತಿ ಆರುತ್ತದೆ, 'ರೀಸ್ಟಾರ್ಟ್' ಎಂದರೆ ಅರ್ಧ ಆರಿ ಹೊತ್ತಿಕೊಳ್ಳುತ್ತದೆ ಎಂದು ಲೋಕ ಭಾವಿಸಿರುವುದು ಸಹಜ. ವಾಸ್ತವ ಇದಕ್ಕೆ ವಿಪರೀತ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ಮರುದಿನ ಬೇಗ ಎದ್ದೇಳಲೆಂದು, ಯಂತ್ರವು ಶಟ್ ಡೌನ್ ಆಗುವಾಗ ತನ್ನ ಒಳಮನಸ್ಸಿನ ಒಂದು ಭಾಗವನ್ನು ಹಾಗೆಯೇ ಬರೆದಿಟ್ಟುಕೊಂಡು ಮಲಗುತ್ತದೆ. ಅದರಲ್ಲಿದ್ದ ತೊಡಕು ಮರುದಿನವೂ ಹಾಗೆಯೇ ಎದ್ದುಬರುತ್ತದೆ. ರೀಸ್ಟಾರ್ಟ್ ಆದಾಗಲೇ ಅದು ಎಲ್ಲವನ್ನೂ ಕೊಡವಿ ಹೊಸದಾಗಿ ಆರಂಭಿಸುವುದು. ಮುದ್ರಣಯಂತ್ರ ಮುನಿಸಿಕೊಂಡಾಗ, ಧ್ವನಿ ಬರದಾದಾಗ, ರಿಪೇರಿಯವನಿಗೆ ಫೋನು ಮಾಡುವ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡುವುದರಿಂದ ಎಷ್ಟೋ ಮನೆಗಳ ಹಣ ಉಳಿದೀತು.

ಇನ್ನು ಭಯದ ವಿಚಾರ. ಯಾವುದನ್ನು ಒತ್ತಿದರೆ ಏನಾಗುವುದೋ ಎಂಬ ಶಂಕೆಯಿಂದ ಗಣಕದ ಮುಂದೆ ಕೈಕಟ್ಟಿ ಕೂರುವ ಹಿರಿಯರು ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಹೇಳಬಯಸುವುದು ಇಷ್ಟೆ: ನಿಮ್ಮನ್ನು ತಲುಪುತ್ತಿರುವ ಈ ಬಾನುಲಿಯನ್ನು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರಾಗಿರಲಿಲ್ಲ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಯಂತ್ರದ ಮುಂದೆ ಧೈರ್ಯವಾಗಿ ಕೂರುವುದಕ್ಕೆ ಯಂತ್ರಶಾಸ್ತ್ರದ ಪದವಿ ಬೇಕಾಗಿಲ್ಲ. ಅಲ್ಲದೆ ಗಣಕದಲ್ಲಿ ಒಂದು ಸೌಕರ್ಯವಿದೆ. ಕಂಟ್ರೋಲ್ ಎಂಬ ಕೀಲಿಯನ್ನು ಹಿಡಿದು 'ಝಡ್' ಅಕ್ಷರವನ್ನು ಒತ್ತಿದರೆ ಈಗತಾನೇ ಮಾಡಿದ ಕಾರ್ಯ ರದ್ದಾಗಿ ಹಿಂದಿನ ಸ್ಥಿತಿ ಮರಳುತ್ತದೆ. ಅಳಿಸಿದ ಕಡತ ರೀಸೈಕಲ್ ಬಿನ್ ಎಂಬ ಬುಟ್ಟಿಯಲ್ಲಿ ಕೆಲವು ಕಾಲ ಕಾದಿರುತ್ತದೆ. ಶಿಫ್ಟ್ ಕೀಲಿಯನ್ನೂ ಸೇರಿಸಿ ಅಳಿಸಿದರೆ ಮಾತ್ರ ಆ ಬುಟ್ಟಿಗೂ ಬೀಳದೆ ಹೋಗುತ್ತದೆಯಾಗಿ, ಆ ಜೋಡಿಯನ್ನು ಅಭ್ಯಾಸ ಮಾಡಿಕೊಳ್ಳದಿರುವುದು ಕ್ಷೇಮ. ಅಕ್ಷರಗಳು ಸಣ್ಣವಾಗಿ ಕಂಡರೆ ಕಂಟ್ರೋಲ್ ಹಿಡಿದು ಪ್ಲಸ್ ಚಿಹ್ನೆಯನ್ನು ಒತ್ತುತ್ತ ಹೋದರೆ ಜಾಲಪುಟದ ಅಕ್ಷರಗಳು ಬೇಕಾದಷ್ಟು ದೊಡ್ಡವಾಗುತ್ತವೆ. ಕನ್ನಡದ ಒತ್ತಕ್ಷರಗಳನ್ನು ಓದಲು ಕನ್ನಡಕವನ್ನು ಹಣೆಗೇರಿಸಿ ಮೂಗನ್ನು ಮಾನಿಟರಿಗೆ ತಾಗಿಸುವವರಿಗೆ ಇದೊಂದು ಸಾಕು.

ಈಗ ಹೆಸರಿಡುವ ವಿಚಾರಕ್ಕೆ ಬರುತ್ತೇನೆ. ನನಗೆ ಅತ್ಯಂತ ಪ್ರಿಯವಾದ ಪ್ರಕರಣ ಇದು. ಮನೆಯ ಗಣಕವನ್ನು ತೆರೆದು ನೋಡಿದರೆ 'ಸ್ಕ್ಯಾನ್ 003', 'ಡಾಕ್ಯುಮೆಂಟ್ 1', 'ನ್ಯೂ ಫೋಲ್ಡರ್ 2', 'ಫೈನಲ್', 'ಫೈನಲ್ ಹೊಸದು' ಎಂಬ ಅನಾಮಧೇಯರ ಗುಂಪೇ ಅಲ್ಲಿ ನೆರೆದಿರುತ್ತದೆ. ಕಡತವನ್ನು ಉಳಿಸುವ ಗಳಿಗೆಯಲ್ಲಿ ನಾಲ್ಕು ಅಕ್ಷರ ಬರೆಯಲಾರದ ಆಲಸ್ಯಕ್ಕೆ, ಮುಂದೆ ಬ್ಯಾಂಕಿನವರು ಕಾಗದ ಕೇಳಿದ ದಿನ, ಅರ್ಧ ದಿವಸದ ಶೋಧನೆಯೇ ದಂಡ. ನಾನು ಸೂಚಿಸುವ ಕ್ರಮದಲ್ಲಿ ಮೊದಲು ವರ್ಷ, ಅನಂತರ ತಿಂಗಳು, ಆಮೇಲೆ ದಿನ, ಕೊನೆಗೆ ವಿಷಯ ಬರತಕ್ಕದ್ದು. ಉದಾಹರಣೆಗೆ, '2024-06-12 ಪಹಣಿ' ಎಂಬಂತೆ. ನಾವು ರೂಢಿಯಲ್ಲಿ ದಿನವನ್ನು ಮೊದಲು ಬರೆಯುವವರಾದರೂ, ಇಲ್ಲಿ ವರ್ಷವನ್ನು ಮುಂದಿಟ್ಟರೆ ಗಣಕವು ತಾನಾಗಿಯೇ ಕಡತಗಳನ್ನು ಕಾಲಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಕನ್ನಡದಲ್ಲಿಯೇ ಹೆಸರಿಡಬಹುದು, ಯಂತ್ರ ಗೊಣಗುವುದಿಲ್ಲ. ಅರ್ಜಿ ಸ್ವೀಕರಿಸುವ ಕೆಲವು ಜಾಲತಾಣಗಳು ಮಾತ್ರ ಕನ್ನಡ ಹೆಸರಿನ ಕಡತವನ್ನು ಒಲ್ಲೆನೆನ್ನುತ್ತವೆಯಾದುದರಿಂದ, ಅಲ್ಲಿಗೆ ಕಳುಹಿಸುವ ಪ್ರತಿಗೆ ಇಂಗ್ಲಿಷ್ ಹೆಸರನ್ನಿಟ್ಟರಾಯಿತು.

ಜಮೀನಿನ ಕಾಗದಗಳಿಗೆ ಹೆಸರಿಡುವಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ನಮ್ಮ ಸೀಮೆಯಲ್ಲಿ ಊರು ಇದ್ದಲ್ಲಿಯೇ ಇದ್ದು, ಅದರ ಮೇಲಿನ ಆಡಳಿತದ ಹೆಸರು ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಅರಿಕುಠಾರವಾಗಿದ್ದುದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1818ರಲ್ಲಿ, ಚಾಮರಾಜನಗರವಾಯಿತು. ಇದು ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗಿನ ಕಾಗದಗಳೆಲ್ಲ ಮೈಸೂರು ಜಿಲ್ಲೆಯ ಹೆಸರಿನವು. ಕೊಳ್ಳೇಗಾಲದ ಕಡೆಯವರ ಕಥೆ ಇನ್ನೂ ಒಂದು ಸುತ್ತು ಹೆಚ್ಚು: 1956ಕ್ಕೆ ಹಿಂದಿನ ಅವರ ಕ್ರಯಪತ್ರಗಳು ಮದರಾಸಿಗೆ ಸೇರಿದ್ದ ಕೊಯಮತ್ತೂರು ಜಿಲ್ಲೆಯವು, ಆ ಮೇಲಿನವು ಮೈಸೂರು ಜಿಲ್ಲೆಯವು, 1997ರಿಂದ ಈಚಿನವು ಚಾಮರಾಜನಗರದವು, ಹನೂರಿನವರಿಗೆ ತಾಲ್ಲೂಕಿನ ಹೆಸರೂ ಈಚೆಗೆ ಬೇರೆಯಾಗಿದೆ. ಜಿಲ್ಲೆಯ ಹೆಸರಿನಲ್ಲಿ ಫೋಲ್ಡರ್ ಮಾಡಿಟ್ಟರೆ ಒಂದೇ ಹೊಲದ ಮೂರು ಪತ್ರಗಳು ಮೂರು ಕಡೆ ಚದುರಿಹೋಗುವುವು. ಆದುದರಿಂದ ಗ್ರಾಮದ ಹೆಸರು, ಅದರ ಮುಂದೆ ಸರ್ವೆ ನಂಬರು, ಇವೆರಡನ್ನೇ ಫೋಲ್ಡರಿನ ಹೆಸರಾಗಿಟ್ಟು, ಆ ಹೊಲಕ್ಕೆ ಸಂಬಂಧಪಟ್ಟ ಅಜ್ಜನ ಕಾಲದ ಪತ್ರದ ಸ್ಕ್ಯಾನಿನಿಂದ ಈಚಿನ ಪೋಡಿಯ ನಕ್ಷೆಯವರೆಗೆ ಎಲ್ಲವನ್ನೂ ಅದರೊಳಗೆ ಸೇರಿಸುವುದು ವಿಹಿತ. ಹಿಸ್ಸಾ ಆಗಿ ನಂಬರು ಒಡೆದಿದ್ದರೆ ಹಳೆಯ ನಂಬರನ್ನೂ ಕಂಸದಲ್ಲಿ ಬರೆದಿಡಬೇಕು.

ಹೆಸರಿಟ್ಟು ಜೋಡಿಸಿದ ಮಾತ್ರಕ್ಕೆ ಕಡತ ಮುಂದೆ ಓದಲು ಬಂದೀತೆಂಬ ಭರವಸೆಯಿಲ್ಲ. ಕನ್ನಡದ ಬರಹಕ್ಕಂತೂ ಇಲ್ಲ. ನಿಮ್ಮ ಮನೆಯ ಗಣಕದಲ್ಲಿ ಇಪ್ಪತ್ತು ವರ್ಷದ ಹಿಂದಿನ ಕನ್ನಡ ಕಡತವೊಂದಿದ್ದರೆ, ಸಂಘದ ಠರಾವೋ, ವಂಶವೃಕ್ಷವೋ, ತಂದೆಯವರು ಬರೆಸಿದ ಲೇಖನವೋ ಏನಾದರೂ ಸರಿ, ಅದನ್ನು ಇಂದು ತೆರೆದು ನೋಡಿ. ಕನ್ನಡದ ಬದಲು, ತಲೆಯ ಮೇಲೆ ಸೊಟ್ಟ ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಾಲು ಕಂಡರೆ ಗಾಬರಿಯಾಗುವ ಕಾರಣವಿಲ್ಲ, ಕಡತ ಕೆಟ್ಟಿಲ್ಲ. ಗಣಕಯಂತ್ರಕ್ಕೆ ಇಂಗ್ಲಿಷಿನ ಅಕ್ಷರಸ್ಥಾನಗಳಷ್ಟೇ ತಿಳಿದಿದ್ದ ಕಾಲದಲ್ಲಿ ನಮ್ಮವರು ಮಾಡಿದ ಉಪಾಯದ ಫಲ ಅದು: ಆ ಸ್ಥಾನಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಆಕಾರಗಳನ್ನು ಕೂರಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ 'ಬರಹ', ಆ ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇವುಗಳ ಹಳೆಯ ಫಾಂಟುಗಳು ಈ ಜಾತಿಯವು. ಆ ದಿನಗಳಲ್ಲಿ ಕನ್ನಡವನ್ನು ಗಣಕದ ಮೇಲೆ ನಿಲ್ಲಿಸಿದ ಕೀರ್ತಿ ಅವುಗಳದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬರಹವನ್ನು ಕನ್ನಡವಾಗಿ ಕಾಣಿಸುವುದು ಫಾಂಟು ಮಾತ್ರ. ಫಾಂಟು ಇಲ್ಲದ ಯಂತ್ರಕ್ಕೆ ಅದು ಬರಿಯ ರೋಮನ್ ಚಿಹ್ನೆಗಳ ರಾಶಿ. ಚಾಮರಾಜನಗರದಿಂದ ಗಡಿಯಾಚೆಯ ತಾಳವಾಡಿಯ ನೆಂಟರಿಗೆ ಲಗ್ನಪತ್ರಿಕೆಯ ಕರಡನ್ನು ಹಳೆಯ ಫಾಂಟಿನಲ್ಲಿ ಕಳುಹಿಸಿದರೆ, ಕನ್ನಡವನ್ನೇ ಮನೆಮಾತಾಗಿ ಆಡುವ ಅವರ ಮೊಬೈಲಿನಲ್ಲಿ ಅದು ಯಾವ ದೇಶದ ಭಾಷೆಯೂ ಅಲ್ಲದೆ ಅವತರಿಸುವುದು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಪ್ರಪಂಚದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನಗಳನ್ನು ಗೊತ್ತುಮಾಡುವ ಈ ವ್ಯವಸ್ಥೆಯಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೂ ತನ್ನ ನೆಲೆಯುಂಟು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಯೂನಿಕೋಡ್ ಫಾಂಟು ಮನೆಮನೆಯ ಗಣಕಕ್ಕೂ ಬಂದಿಳಿಯಿತು. ನಿಮ್ಮ ಕಡತ ಹಳೆಯ ಪದ್ಧತಿಯದೋ ಹೊಸತೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಬರಹದ ಒಂದು ಸಾಲನ್ನು ಆಯ್ದು ಅದರ ಫಾಂಟನ್ನು 'ಏರಿಯಲ್' ಎಂದು ಬದಲಿಸಿ ನೋಡಿ; ಆಗಲೂ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಹಾಗಲ್ಲದೆ ರೋಮನ್ ಆಗಿ ಒಡೆದುಹೋದರೆ ಹಳೆಯದು. ನೋಡಿಯಾದ ಮೇಲೆ ಕಂಟ್ರೋಲ್ ಝಡ್ ಒತ್ತಿ ಮೊದಲಿನಂತೆ ಮಾಡಲು ಮರೆಯಬೇಡಿ. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಇದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಜಾಗದಲ್ಲಿ ಒಂದು ಸಲ ಕಣ್ಣಾಡಿಸಬೇಕು. ತಪ್ಪು ನುಸುಳುವುದು ಸಾಮಾನ್ಯವಾಗಿ ಅಲ್ಲಿಯೇ. ಹಳೆಯ ಪ್ರತಿಯನ್ನೂ ಎಸೆಯದೆ ಜೊತೆಯಲ್ಲಿಡತಕ್ಕದ್ದು.

ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ಇನ್ನೊಂದು ಗುಣವಿದೆ, ಅದನ್ನು ಹುಡುಕಬಹುದು. 'ಅರಿಶಿನ' ಎಂದು ಬರೆದರೆ ಆ ಮಾತು ಇರುವ ಕಡತಗಳೆಲ್ಲ ಮುಂದೆ ಬಂದು ನಿಲ್ಲುತ್ತವೆ. ಗುಂಡ್ಲುಪೇಟೆಯ ಕೃಷಿಕನೊಬ್ಬ ಅರಿಶಿನ, ಸಣ್ಣ ಈರುಳ್ಳಿ, ಬಾಳೆ, ಚೆಂಡುಹೂಗಳ ಲೆಕ್ಕವನ್ನು ವರ್ಷವರ್ಷವೂ ಕನ್ನಡದಲ್ಲಿಯೇ ಬರೆದಿಟ್ಟರೆ, ಕೇರಳದ ವ್ಯಾಪಾರಿ ಯಾವ ವರ್ಷ ಯಾವ ದರ ಕೊಟ್ಟನೆಂಬುದನ್ನು ಗಳಿಗೆಯಲ್ಲಿ ಹೊರತೆಗೆಯಬಹುದು. ಬರೆಯುವುದು ಕಷ್ಟವೆಂಬ ಅಂಜಿಕೆಯೂ ಬೇಡ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸದಲ್ಲಿ, ನುಡಿ ತಂತ್ರಾಂಶದ ಮೂಲಕ ನಾಡಿಗೆಲ್ಲ ಪರಿಚಿತವಾದುದು ಅದೇ, ಇಂಗ್ಲಿಷಿನ ಕೀಲಿಗಳಲ್ಲಿಯೇ ಕನ್ನಡವೆಲ್ಲ ಅಡಗಿದೆ. 'ಎಫ್' ಎಂಬ ಕೀಲಿ ಅಕ್ಷರದ ಸ್ವರವನ್ನು ತೆಗೆದು ಒತ್ತನ್ನು ಕೂಡಿಸುತ್ತದೆ; ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿಗಳನ್ನು ಒತ್ತಿದರೆ 'ಕನ್ನಡ' ಎಂದಾಯಿತು. ಅಕ್ಷರಾಭ್ಯಾಸವಾದ ಯಾವ ಗೃಹಿಣಿಗಾದರೂ ಇದು ಕೆಲವೇ ದಿನಗಳಲ್ಲಿ ಕೈವಶವಾಗತಕ್ಕದ್ದೇ.

ಇನ್ನು ಕಡತ ಮನೆಯಿಂದ ಹೊರಗೆ ಹೋಗುವ ಸಂದರ್ಭ. ಮುದ್ರಣಯಂತ್ರ ಮನೆಯಲ್ಲಿಲ್ಲದಿದ್ದರೆ ಕಾಗದ ತೆಗೆಸಲು ನಾವು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತೇವೆ, ಪೆನ್‌ಡ್ರೈವ್ ಜೇಬಿನಲ್ಲಿರುತ್ತದೆ. ದಿನಕ್ಕೆ ನೂರು ಜನರ ಪೆನ್‌ಡ್ರೈವು ಚುಚ್ಚಿಸಿಕೊಳ್ಳುವ ಅಂಗಡಿಯ ಯಂತ್ರದಲ್ಲಿ ಯಾವ ಯಾವ ರೋಗಗಳಿರುವುವೋ ಅಂಗಡಿಯವನಿಗೂ ತಿಳಿಯದು. ಮನೆಗೆ ಬಂದು ಚುಚ್ಚಿ ನೋಡಿದರೆ, ಇದ್ದ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಹೆಸರಿನಲ್ಲಿ ಮೂಲೆಯಲ್ಲಿ ಬಾಣದ ಗುರುತು ಹೊತ್ತ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿರುತ್ತವೆ. 'ಅಯ್ಯೋ ನನ್ ಪಹಣಿಯೆಲ್ಲ ಹೊಂಟೋಯ್ತಲ್ಲಣ್ಣ' ಎಂದು ಜನ ಪೇಚಾಡುವುದು ಇಂತಹ ಸಮಯದಲ್ಲಿಯೇ. ವಾಸ್ತವವಾಗಿ ಕಡತಗಳು ಹೋಗಿಲ್ಲ, ವೈರಸ್ಸು ಅವುಗಳನ್ನು ಮರೆಮಾಡಿರುತ್ತದಷ್ಟೆ. ಆ ಬಾಣದ ಚಿತ್ರಗಳನ್ನು ಮಾತ್ರ ಒತ್ತಕೂಡದು; ಒತ್ತಿದರೆ ರೋಗವು ಮನೆಯ ಗಣಕಕ್ಕೂ ದಾಟುತ್ತದೆ. 'ಫಾರ್ಮ್ಯಾಟ್ ಮಾಡಿಬಿಡಿ' ಎಂದು ಪಕ್ಕದವರು ಕೊಡುವ ಸಲಹೆಯನ್ನೂ ಆ ದಿನ ಕೇಳಬಾರದು, ಏಕೆಂದರೆ ಆಗ ನಿಜವಾಗಿಯೂ ಹೋಗುತ್ತದೆ. ವಿಂಡೋಸಿನಲ್ಲಿ ಅಂತರ್ಗತವಾಗಿಯೇ ಇರುವ ಡಿಫೆಂಡರ್ ಎಂಬ ರಕ್ಷಕನಿಂದ ಪೆನ್‌ಡ್ರೈವನ್ನು ಶೋಧಿಸಿ, ಆಮೇಲೆ ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಎಂಬಲ್ಲಿ 'ಹಿಡನ್ ಐಟಮ್ಸ್' ಎಂಬುದನ್ನು ಗುರುತು ಮಾಡಿದರೆ ಅಡಗಿದ್ದವು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ಹಾಗೂ ಕಾಣದಿದ್ದರೆ ತಿಳಿದವರ ಕೈಗೆ ಕೊಡುವುದು ಮೇಲು. ಅಂಗಡಿಗೆಂದೇ ಬೇರೊಂದು ಸಣ್ಣ ಪೆನ್‌ಡ್ರೈವನ್ನು ಇಟ್ಟುಕೊಂಡು, ಮುದ್ರಿಸಬೇಕಾದ ಆ ಒಂದು ಕಡತವನ್ನಷ್ಟೇ ಅದರಲ್ಲಿ ಒಯ್ಯುವುದು ಇದೆಲ್ಲಕ್ಕಿಂತ ಸುಲಭ.

ಅಂಗಡಿಯಲ್ಲಿ ನಾವು ಬಿಟ್ಟುಬರುವುದರ ಕಡೆಗೂ ಗಮನವಿರಲಿ. ಆ ಗಣಕದ ಡೆಸ್ಕ್‌ಟಾಪಿನ ಮೇಲೆ ಊರವರ ಆಧಾರ್ ಚೀಟಿಗಳೂ ಬ್ಯಾಂಕ್ ಪಾಸ್‌ಬುಕ್ಕುಗಳೂ ಸಂತೆಯಲ್ಲಿ ಹರವಿದಂತೆ ಬಿದ್ದಿರುವುದು ಯಾವ ಊರಿನಲ್ಲಾದರೂ ಕಾಣುವ ನೋಟ. ಮುದ್ರಣವಾದೊಡನೆ, 'ನಮ್ಮ ಫೈಲನ್ನು ಅಳಿಸಿಬಿಡಿ ಅಣ್ಣ, ರೀಸೈಕಲ್ ಬಿನ್ನಿನಿಂದಲೂ ತೆಗೆಯಿರಿ' ಎಂದು ನಿಂತು ಹೇಳಬೇಕು. ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಪೂರ್ಣ ಸಂಖ್ಯೆ ಅನಿವಾರ್ಯವಲ್ಲದ ಕಡೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಕೊಡಬಹುದು. ಅಂಗಡಿಯ ಗಣಕದಲ್ಲಿ ವಾಟ್ಸ್ಆ್ಯಪ್ ತೆರೆದು ಕಡತ ತೆಗೆಸಿದವರು, ಮನೆಗೆ ಹೊರಡುವ ಮುನ್ನ ಮೊಬೈಲಿನಲ್ಲಿ 'ಲಿಂಕ್ಡ್ ಡಿವೈಸಸ್' ಎಂಬ ಪುಟವನ್ನು ನೋಡಿ ಆ ಯಂತ್ರವನ್ನು ಕಳಚಬೇಕು. ಇಲ್ಲವಾದರೆ ನಿಮ್ಮ ಮನೆಯ ಮಾತುಕತೆಯೆಲ್ಲ ದಿನಗಟ್ಟಲೆ ಅಲ್ಲಿಯೂ ಪ್ರಸಾರವಾಗುತ್ತಿರುತ್ತದೆ, ಈ ಬಾನುಲಿಗಿಂತ ಹೆಚ್ಚು ಕುತೂಹಲದ ಶ್ರೋತೃಗಳಿಗೆ.

ಎಷ್ಟು ಎಚ್ಚರವಾಗಿದ್ದರೂ ಹಾರ್ಡ್ ಡಿಸ್ಕು ಒಂದು ದಿನ ಕೆಡುವುದು ನಿಶ್ಚಯ. ಯಾವ ದಿನವೆಂಬುದೊಂದೇ ಅನಿಶ್ಚಿತ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬುವರು ಪ್ರಚುರಪಡಿಸಿದ ಸೂತ್ರವೊಂದಿದೆ: ಮುಖ್ಯವಾದುದರ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಮನೆಯಿಂದ ಹೊರಗೆ. ನಮ್ಮ ಮನೆಗಳಿಗೆ ಅನ್ವಯಿಸಿ ಹೇಳುವುದಾದರೆ, ಗಣಕದಲ್ಲಿ ಒಂದು ಪ್ರತಿ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂತರ್ಜಾಲದ ಸಂಗ್ರಹದಲ್ಲೋ ಮೈಸೂರಿನಲ್ಲಿರುವ ತಂಗಿಯ ಮನೆಯಲ್ಲೋ ಇನ್ನೊಂದು. ಗೂಗಲ್ ಖಾತೆಯೊಡನೆ 15 ಜಿಬಿ ಜಾಗ ಉಚಿತವಾಗಿ ದೊರೆಯುತ್ತದೆ. ಕಾಗದಪತ್ರಗಳಿಗೆ ಅದು ಧಾರಾಳ, ಮದುವೆಯ ವಿಡಿಯೋಗೆ ಸಾಲದು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡಿಜಿಲಾಕರಿನಲ್ಲಿ, ಆಯಾ ಇಲಾಖೆಯೇ ನೇರವಾಗಿ ನೀಡಿದ ಪ್ರಮಾಣಪತ್ರಗಳಿಗೆ ಮೂಲಪ್ರತಿಯ ಮಾನ್ಯತೆಯುಂಟು. ಪೆನ್‌ಡ್ರೈವನ್ನು ಮಾತ್ರ ಬಹುಕಾಲದ ನಿಧಿಯೆಂದು ನಂಬಬಾರದು. ವಿದ್ಯುತ್ ಸ್ಪರ್ಶವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದ ಪೆನ್‌ಡ್ರೈವು ತನ್ನೊಳಗಿನದನ್ನು ಮರೆಯುವ ಸಂಭವವಿದೆ. ಹೊರಗಿನ ಡಿಸ್ಕನ್ನು ನಕಲು ತೆಗೆದ ಕೂಡಲೆ ಕಳಚಿಡಬೇಕು. ಸದಾ ಚುಚ್ಚಿಯೇ ಇದ್ದರೆ ಸಿಡಿಲೂ ವೈರಸ್ಸೂ ಗಣಕ, ಡಿಸ್ಕು ಎರಡನ್ನೂ ಒಟ್ಟಿಗೆ ಕೊಂಡೊಯ್ಯುವುವು.

ಇನ್ನು ಇವಕ್ಕೆಲ್ಲ ಬೀಗವಾದ ಗುಪ್ತಪದದ ಕುರಿತು ಲೋಕದಲ್ಲಿ ಮೂಢನಂಬಿಕೆಗಳು ಬಹಳ. 1960ರ ದಶಕದ ಆದಿಯಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಗಣಕವನ್ನು ಹಂಚಿಕೊಳ್ಳುವಂತಾದಾಗ, ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲೆಂದು ಗುಪ್ತಪದವನ್ನು ಬಳಕೆಗೆ ತಂದ ಫರ್ನಾಂಡೊ ಕೊರ್ಬಾಟೊ ಅವರೇ, ಈ ಪದ್ಧತಿ ದುಃಸ್ವಪ್ನವಾಗಿ ಪರಿಣಮಿಸಿದೆಯೆಂದು ವೃದ್ಧಾಪ್ಯದಲ್ಲಿ ಒಪ್ಪಿಕೊಂಡರು. ಮಗುವಿನ ಹೆಸರಿಗೆ 123 ಸೇರಿಸಿದ ಗುಪ್ತಪದವು ಗುಪ್ತವಲ್ಲ. ವಿಚಿತ್ರ ಚಿಹ್ನೆಗಳಿಗಿಂತ ಉದ್ದವೇ ಹೆಚ್ಚು ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಾಗಿ ಬರೆದರೆ ನೆನಪಿಗೂ ನಿಲ್ಲುತ್ತದೆ, ಊಹೆಗೂ ನಿಲುಕದು. ಇಮೇಲ್ ಖಾತೆಯ ಗುಪ್ತಪದ ಬೇರೆಲ್ಲಿಯೂ ಬಳಸದಂತಹದಾಗಿರಲಿ, ಏಕೆಂದರೆ ಉಳಿದ ಖಾತೆಗಳ ಗುಪ್ತಪದ ಮರೆತರೆ ಮರಳಿ ಪಡೆಯುವುದು ಅದರ ಮೂಲಕವೇ. ಇವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು ತಪ್ಪೆಂದು ಪಂಡಿತರು ಕೆಲವರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ದೂರದೇಶದ ಕಳ್ಳನಿಗೆ ಗುಂಡ್ಲುಪೇಟೆಯ ಬೀರುವಿನ ಬಾಗಿಲು ತೆರೆಯಲಾಗದು. ಪುಸ್ತಕವನ್ನು ಬೀರುವಿನಿಂದ ಮೇಜಿಗೆ ತಂದು ಅಲ್ಲಿಯೇ ಬಿಡದಿದ್ದರೆ ಸಾಕು. ಬ್ಯಾಂಕಿನ ಪಿನ್ನನ್ನು ಮಾತ್ರ ಎಲ್ಲಿಯೂ ಬರೆಯಕೂಡದು.

ವಂಚಕರ ವಿಷಯವನ್ನು ಪೊಲೀಸರೂ ಪತ್ರಿಕೆಗಳೂ ಬೇಕಾದಷ್ಟು ಹೇಳುತ್ತಿರುವುದರಿಂದ ನಾನು ಸಂಕ್ಷೇಪವಾಗಿ ಮುಗಿಸುತ್ತೇನೆ. ಗಣಕದ ತೆರೆಯನ್ನೆಲ್ಲ ತುಂಬಿ, ಸೈರನ್ ಕೂಗುತ್ತ, 'ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ' ಎಂಬ ಪ್ರಕಟಣೆ ಬಂದರೆ ಅದು ಅಪ್ಪಟ ಸುಳ್ಳು; ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಆಲ್ಟ್ ಕೀಲಿಯೊಡನೆ ಎಫ್4 ಒತ್ತಿ. ಜಗ್ಗದಿದ್ದರೆ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸಿ. ಫೋನಿನಲ್ಲಿ ಮಾತನಾಡುವ ಅಪರಿಚಿತನು ಯಾವ ತಂತ್ರಾಂಶವನ್ನು ಹಾಕಿಕೊಳ್ಳಲು ಹೇಳಿದರೂ ಹಾಕಿಕೊಳ್ಳಬೇಡಿ. ನಿಮ್ಮ ತೆರೆಯನ್ನು ಅವನು ಅಲ್ಲಿಂದಲೇ ನೋಡುವುದಕ್ಕೆ ಹೂಡಿದ ಉಪಾಯ ಅದು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ವಿಡಿಯೋ ಕರೆಯಲ್ಲಿ ಸಮವಸ್ತ್ರ ತೊಟ್ಟವನೊಬ್ಬ 'ಡಿಜಿಟಲ್ ಅರೆಸ್ಟ್' ಎಂದು ಗದರಿಸಿದರೆ, ಅಂತಹ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲವೆಂಬುದನ್ನು ನೆನೆದು ಕರೆಯನ್ನು ಕತ್ತರಿಸಿಬಿಡಿ. ಹಣ ಹೋಗಿಯೇ ಹೋಯಿತೆಂದರೆ, ಮನೆಯವರು ಬೈದಾರೆಂದು ಮುಚ್ಚಿಡದೆ, ತತ್‌ಕ್ಷಣ 1930ಕ್ಕೆ ಫೋನು ಮಾಡಿ; ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲೇ ತಡೆಹಿಡಿಸಲು ಮೊದಲ ಒಂದೆರಡು ಗಂಟೆಗಳೇ ಮುಖ್ಯ.

ಹಳೆಯ ವಿಂಡೋಸ್ 10 ಇರುವವರಿಗೆ ಒಂದು ಮಾತು: 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಯಂತ್ರ ಮರುದಿನದಿಂದ ನಿಂತುಹೋಗುವುದಿಲ್ಲ, ಹಾಗೆಂದು ಹೆದರಿಸಿ ಹೊಸದನ್ನು ಮಾರುವವರ ಮಾತಿಗೆ ಮರುಳಾಗಬೇಕಿಲ್ಲ. ಆದರೆ ಹೊಸ ಛಿದ್ರಗಳನ್ನು ಮುಚ್ಚುವ ಕೆಲಸ ಇನ್ನು ಸಾಮಾನ್ಯವಾಗಿ ನಡೆಯುವುದಿಲ್ಲವಾದುದರಿಂದ, ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸದೆ, ಓದು ಬರಹಗಳಿಗೆ ಮೀಸಲಿಡುವುದು ಲೇಸು. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಿದರೆ ಅಂತಹ ಯಂತ್ರ ಇನ್ನೂ ಹಲವು ವರ್ಷ ಬಾಳಬಹುದು.

ಕೊನೆಯದಾಗಿ, ಯಾರೂ ಕೇಳಲು ಇಚ್ಛಿಸದ ಒಂದು ಪ್ರಶ್ನೆ. ಟ್ರಂಕಿನ ಬೀಗದ ಕೈ ಕಳೆದರೆ ಬೀಗ ಒಡೆಯಬಹುದಾಗಿತ್ತು. ಮನೆಯ ಯಜಮಾನರು ತೀರಿಕೊಂಡ ಮೇಲೆ ಅವರ ಗುಪ್ತಪದವನ್ನು ಒಡೆಯುವುದು ಹೇಗೆ? ಜಮೀನಿನ ಪತ್ರಗಳ ಸ್ಕ್ಯಾನು, ವಿಮೆಯ ವಿವರ, ನಲವತ್ತು ವರ್ಷದ ಛಾಯಾಚಿತ್ರಗಳು, ಎಲ್ಲವೂ ಎದುರಿಗೇ ಇದ್ದು ಕೈಗೆಟುಕದೆ ಉಳಿದಿರುವ ಮನೆಗಳು ಇಂದು ಹಲವು. ಆದುದರಿಂದ ಆ ನೋಟುಪುಸ್ತಕ ಎಲ್ಲಿದೆಯೆಂಬುದು ಮನೆಯಲ್ಲಿ ಮತ್ತೊಬ್ಬರಿಗೆ, ಹೆಂಡತಿಗೋ ಸೊಸೆಗೋ ಮಗನಿಗೋ, ತಿಳಿದಿರಬೇಕು. ಗೂಗಲ್ ಖಾತೆಯಲ್ಲಿ 'ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬ ಏರ್ಪಾಡಿದ್ದು, ಇಂತಿಷ್ಟು ತಿಂಗಳು ನಾನು ಖಾತೆಯನ್ನು ತೆರೆಯದಿದ್ದರೆ ಅದರೊಳಗಿನದು ಇಂಥವರಿಗೆ ಸೇರಲೆಂದು ಈಗಲೇ ಬರೆದಿಡಬಹುದು. ಹತ್ತು ನಿಮಿಷದ ಕೆಲಸ. ಹಾಗೆ ಬರೆದಿಡದೆ, ಎರಡು ವರ್ಷ ಯಾರೂ ಪ್ರವೇಶಿಸದೆ ಬಿಟ್ಟ ಖಾತೆಯನ್ನು ಅಳಿಸಿಹಾಕುವ ಅಧಿಕಾರವನ್ನು ಆ ಸಂಸ್ಥೆ 2023ರಿಂದ ತನ್ನಲ್ಲಿಟ್ಟುಕೊಂಡಿದೆ. ತಂದೆಯವರದೋ ತಾಯಿಯವರದೋ ಹಳೆಯ ಖಾತೆಯ ಗುಪ್ತಪದ ಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಈ ವಾರವೇ ಒಮ್ಮೆ ಅದನ್ನು ತೆರೆದು, ಒಳಗಿನ ಚಿತ್ರಗಳನ್ನೂ ಪತ್ರಗಳನ್ನೂ ನಿಮ್ಮ ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಿ.